ಇಳಿದರೆ ನಿಲ್ಲುವ ಕತ್ತಿ

ಸೂರ್ಯ ಇನ್ನೂ ಪೂರ್ವದ ಗುಡ್ಡ ದಾಟಿಲ್ಲ. ಯೋನಸ್ ಬೆಕ್ಟಲ್‌ನ ಹೊಲದಲ್ಲಿ ಬೀಜಕ್ಕೆಂದು ಬಿಟ್ಟ ಕ್ಲೋವರ್ ಮೇವು ಕಂದು ತಲೆ ಹೊತ್ತು, ಇಬ್ಬನಿಯಲ್ಲಿ ತೊಯ್ದು ನಿಂತಿದೆ. ಹೊಲದ ಅಂಚಿನಲ್ಲಿ ಕೊಯ್ಲಿನ ಯಂತ್ರ. ಅದರ ಅಡಿಯಿಂದ ಎರಡು ಕಾಲು ಹೊರಗೆ ಚಾಚಿವೆ. ಗಂಡಸಿನ ಬೂಟು, ಅದರ ಮೇಲೆ ಹೆಂಗಸಿನ ಕಪ್ಪು ಲಂಗ. ಒಳಗಿನಿಂದ ಸ್ಪ್ಯಾನರ್ ಕಿರುಗುಟ್ಟುವ ಸದ್ದು, ನಡುನಡುವೆ ಕೆಮ್ಮು. ಇವರು ಸಲೋಮಿ ರೌಖ್. ವಯಸ್ಸು ಅರವತ್ತೊಂದು. ಕಾಲ್ಬಾಕ್ ಕಣಿವೆಯ ಯಂತ್ರಗಳಿಗೆಲ್ಲ ಕತ್ತಿ ಸಾಣೆ ಹಿಡಿಯುವವರು, ಕಣಿವೆಯ ಜನಕ್ಕೆಲ್ಲ ಚಿಕ್ಕಮ್ಮ.

ಯಂತ್ರದ ಕುದುರೆಗಳನ್ನು ಇಪ್ಪತ್ತು ಹೆಜ್ಜೆ ಆಚೆ ಬೇಲಿಗೆ ಕಟ್ಟಿದೆ. ಕುದುರೆ ಬಿಚ್ಚಿ ದೂರ ಕಟ್ಟುವವರೆಗೆ ಚಿಕ್ಕಮ್ಮ ಯಾರ ಯಂತ್ರವನ್ನೂ ಮುಟ್ಟುವುದಿಲ್ಲ. ಯೋನಸ್‌ಗೆ ಅದೇ ಸಿಟ್ಟು. ಕೈ ಹಿಸುಕಿಕೊಳ್ಳುತ್ತ ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿದ್ದಾನೆ.

"ಚಿಕ್ಕಮ್ಮಾ, ಇಬ್ಬನಿ ಆರೋಗ್ತಾ ಇದೆ. ಒಂದು ಹಲಗೆ ಬಿಚ್ಚೋಕೆ ಇಷ್ಟು ಹೊತ್ತಾ?"

"ಹಾಕೋವಾಗ್ಲೂ ಇದೇ ರಾಗ ಹಾಡಿದ್ದೆ ಕಣೋ ನೀನು. ಬಾಯಿ ಮುಚ್ಕೊಂಡು ಆ ಬೋಲ್ಟ್ ಹಿಡ್ಕೊ," ಎನ್ನುತ್ತದೆ ಯಂತ್ರದ ಅಡಿಯ ದನಿ.

ಕಳಚಿ ಬಿದ್ದದ್ದು ಓಕ್ ಮರದ ಒಂದು ಹಲಗೆ, ಗಾಡಿಯ ಹಳೆಯ ಸ್ಪ್ರಿಂಗಿನ ಕಮಾನು ಪಟ್ಟಿ, ಮೊಳದುದ್ದದ ಕಬ್ಬಿಣದ ಸರಳು. ಕಣಿವೆಯಲ್ಲಿ ಇದಕ್ಕೆ ಚಿಕ್ಕಮ್ಮನ ಹಲಗೆ ಎಂದು ಹೆಸರು. ಮೂವತ್ತೊಂದು ಯಂತ್ರಗಳಿಗೆ ತಮ್ಮ ಕೈಯಿಂದಲೇ ಹಾಕಿಕೊಟ್ಟ ಹಲಗೆಯನ್ನು ಈಗ ಎಂಟು ದಿನದಿಂದ ತಾವೇ ಮನೆಮನೆಗೆ ಹೋಗಿ ಬಿಚ್ಚುತ್ತಿದ್ದಾರೆ. ಇದು ಮೂವತ್ತನೆಯದು. ಇನ್ನೊಂದು ಉಳಿದಿದೆ. ಆ ಮನೆಗೆ ಹೋಗಲು ಅವರಿಗೆ ಕಾಲು ಬಂದಿರಲಿಲ್ಲ, ಅದನ್ನು ಕೊನೆಗೆ ಇಟ್ಟುಕೊಂಡಿದ್ದಾರೆ.

ಪತ್ರಿಕೆಯ ನನ್ನ ಶನಿವಾರದ ಪುಟಕ್ಕೆ ಇವರ ವಿಷಯ ಬರೆಯುತ್ತೇನೆಂದು ಮೂರು ವರ್ಷದಿಂದ ಬೆನ್ನು ಬಿದ್ದಿದ್ದೆ. "ಮೆರೆಯೋದು ಪಾಪ ಕಣಪ್ಪ, ಬೇರೆ ಯಾರಾದ್ರೂ ಸಿಕ್ತಾರೆ ಹೋಗು," ಎಂದು ಓಡಿಸುತ್ತಿದ್ದರು. ಹೋದ ವಾರ ತಾವಾಗಿಯೇ ಕರೆಸಿದರು. ಷರತ್ತು ಒಂದೇ. "ಹೊಗಳ್ಬೇಡ. ಕಲ್ಲಿನ ವಿಷಯ ಬರಿ. ಏನಾಯ್ತೋ ಹಂಗೇ ಬರಿ." ನಾನು ಒಪ್ಪಿದ್ದೇನೆ. ಹೊಗಳಿಕೆ ಎಲ್ಲಾದರೂ ನುಸುಳಿದರೆ ಅದು ನನ್ನ ತಪ್ಪು, ಅವರದಲ್ಲ.

ಕಲ್ಲಿನ ವಿಷಯಕ್ಕೆ ಮುಂಚೆ ಕತ್ತಿಯ ವಿಷಯ ಹೇಳಬೇಕು. ಈ ಯಂತ್ರಕ್ಕೆ ಉಗಿಯಿಲ್ಲ, ಬೆಂಕಿಯಿಲ್ಲ. ಕುದುರೆ ಎಳೆದರೆ ದೊಡ್ಡ ಕಬ್ಬಿಣದ ಗಾಲಿ ನೆಲದ ಮೇಲೆ ಉರುಳುತ್ತದೆ. ಆ ಗಾಲಿ ಹಲ್ಲುಚಕ್ರಗಳನ್ನು ತಿರುಗಿಸುತ್ತದೆ, ಚಕ್ರಗಳು ಮರದ ಒಂದು ತಳ್ಳುಕೋಲನ್ನು ಆಡಿಸುತ್ತವೆ, ಕೋಲು ಕತ್ತಿಯನ್ನು ಎಡಕ್ಕೂ ಬಲಕ್ಕೂ ಓಡಿಸುತ್ತದೆ. ಕತ್ತಿಯೆಂದರೆ ನಾಲ್ಕೂವರೆ ಅಡಿಯ ಪಟ್ಟಿ, ಅದರ ಮೇಲೆ ಹದಿನೆಂಟು ಮೂರುಮೂಲೆ ಹಲ್ಲು. ಕುದುರೆ ನಿಂತರೆ ಕತ್ತಿ ನಿಲ್ಲುತ್ತದೆ. ಕುದುರೆ ಒಂದೇ ಒಂದು ಹೆಜ್ಜೆ ಇಟ್ಟರೂ ಸಾಕು, ಕತ್ತಿ ಏಳು ಸಲ ಓಡಾಡುತ್ತದೆ. ಅಡಿಗೆರೆ ಹಾಕಿ ಓದಿ ಎಂದು ಚಿಕ್ಕಮ್ಮ ಹೇಳಿದ್ದಾರೆ. ಏಳು ಸಲ.

ಗೋಧಿಯನ್ನು ಬಿಸಿಲೇರಿದ ಮೇಲೆ ಕೊಯ್ಯುತ್ತೇವೆ. ಒಣಗಿದ ದಂಟು, ಕತ್ತಿಗೆ ತೊಂದರೆಯಿಲ್ಲ. ಕ್ಲೋವರ್ ಬೀಜ ಹಾಗಲ್ಲ. ಬಿಸಿಲಲ್ಲಿ ಮುಟ್ಟಿದರೆ ತಲೆ ಉದುರಿ ಬೀಜವೆಲ್ಲ ಮಣ್ಣುಪಾಲು. ಇಬ್ಬನಿ ಇರುವಾಗಲೇ, ಬೆಳಕು ಹರಿದ ಎರಡೂವರೆ ಗಂಟೆಯೊಳಗೆ ಕೊಯ್ಯಬೇಕು. ಬೀಜ ಉಳಿಸುವ ಅದೇ ಇಬ್ಬನಿ ಕತ್ತಿಗೆ ಶತ್ರು. ಹಸಿ ದಂಟು ಹಲ್ಲುಗಳ ನಡುವೆ ಅಂಟಿನಂತೆ ತುಂಬಿಕೊಳ್ಳುತ್ತದೆ. ನೂರು ಹೆಜ್ಜೆಗೊಮ್ಮೆ ಇಳಿದು, ಕತ್ತಿಯ ಮುಂದೆ ಮಂಡಿಯೂರಿ, ಬೆರಳು ಹಾಕಿ ಕಿತ್ತು ತೆಗೆಯಬೇಕು. ಪ್ರತಿಸಲವೂ ಕುದುರೆ ಬಿಚ್ಚಿ ಕಟ್ಟುತ್ತ ಕೂತರೆ ಇಬ್ಬನಿ ಯಾರಪ್ಪನ ಮನೆಯ ಆಳು ಕಾಯುವುದಕ್ಕೆ? ಹಾಗಾಗಿ ಯಾರೂ ಬಿಚ್ಚುವುದಿಲ್ಲ.

ಕಾರ್ಖಾನೆಯವರು ಹಲ್ಲುಚಕ್ರ ಬಿಡಿಸಲು ಒಂದು ಗೂಟ ಇಟ್ಟಿದ್ದಾರೆ, ನಿಜ. ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟರೆ ಬರುತ್ತದೆ. ಆ ಮಹಾಶಯರು ಗೋಧಿ ನೋಡಿ ಯಂತ್ರ ಮಾಡಿದವರು, ಕ್ಲೋವರಿನ ಮುಂದೆ ಮಂಡಿಯೂರಿದವರಲ್ಲ. ಯಂತ್ರದ ಮೈಮೇಲೆ ಹಿತ್ತಾಳೆಯ ಫಲಕ ಹೊಡೆದು ಎಂಟು ಪೇಟೆಂಟಿನ ತಾರೀಖು ಕೆತ್ತಿಸಿದ್ದಾರೆ. ಒಂದೂ ಕೈ ಉಳಿಸುವ ಪೇಟೆಂಟಲ್ಲ. ಪೆನ್ಸಿಲ್ವೇನಿಯದ ನಮ್ಮ ಈ ಕಣಿವೆಯವರು ಧರ್ಮಕ್ಕಂಜಿ ಯುದ್ಧಕ್ಕೆ ಹೋಗಲಿಲ್ಲ. ಆದರೂ ಸಂತೆಗೆ ಬಂದ ಪರಸ್ಥಳದವರು ನಮ್ಮವರ ಕೈಯಿಲ್ಲದ ತೋಳು ನೋಡಿ, ನೀವು ಯಾವ ಕಾಳಗದಲ್ಲಿದ್ದಿರಿ ಎಂದು ಕೇಳುತ್ತಾರೆ. ಆರು ಜನ ಅಂಥವರಿದ್ದಾರೆ, ಈ ತಿಂಗಳು ಏಳಾಯಿತು.

ಸಲೋಮಿ ಹುಟ್ಟಿದ್ದೇ ಕೊಯ್ಲಿನ ಯಂತ್ರಗಳ ನಡುವೆ. ತಂದೆ ಬಂಡಿ ಮಾಡುವವನು. ಆಗ ಓಡಾಡುವ ಕತ್ತಿ ಇರಲಿಲ್ಲ. ಎರಡು ಗಾಲಿಯ ಮೇಲೆ ಒಂದು ಪೆಟ್ಟಿಗೆ, ಅದರ ಮುಂದೆ ಬಾಚಣಿಗೆಯ ಹಾಗೆ ಹಲ್ಲಿನ ಸಾಲು. ಕುದುರೆ ಎಳೆದಂತೆ ಕ್ಲೋವರಿನ ತಲೆ ಹಲ್ಲಿಗೆ ಸಿಕ್ಕಿ ಪಟಪಟನೆ ಕಿತ್ತು ಪೆಟ್ಟಿಗೆಗೆ ಬೀಳುತ್ತಿತ್ತು. ಹಿಂದೆ ಒಬ್ಬ ಹಿಡಿ ಹಿಡಿದು ಏರಿಸುತ್ತ ಇಳಿಸುತ್ತ ನಡೆಯಬೇಕು. ಆ ಹಲ್ಲುಗಳನ್ನು ಹಿಕರಿ ಮರದಲ್ಲಿ ಕೆತ್ತುವುದು ಹುಡುಗಿ ಸಲೋಮಿಯ ಕೆಲಸ. "ಅರ್ಧ ತಲೆ ಹೊಲದಲ್ಲೇ ಉಳೀತಿತ್ತು. ಆದ್ರೆ ಆ ಬಾಚಣಿಗೆ ಯಾರ ಚರ್ಮಾನೂ ತರಚ್ತಿರ್ಲಿಲ್ಲ," ಎನ್ನುತ್ತಾರೆ.

ಮದುವೆಯಾದದ್ದು ಕಮ್ಮಾರ ಯೋಸ್ಟ್ ರೌಖ್‌ನನ್ನು. ಓಡುಕತ್ತಿಯ ಯಂತ್ರಗಳು ಕಣಿವೆಗೆ ಬಂದಾಗ ಅವುಗಳ ರಿಪೇರಿಗೆಲ್ಲ ಅವನೇ. ಹನ್ನೊಂದು ವರ್ಷದ ಹಿಂದೆ, ಇದೇ ಸೆಪ್ಟೆಂಬರಿನಲ್ಲಿ, ತಮ್ಮದೇ ಹೊಲದಲ್ಲಿ ಕತ್ತಿ ಸಿಕ್ಕಿಕೊಂಡಿತು. ಯೋಸ್ಟ್ ಕತ್ತಿಯ ಮುಂದೆ ಹೋಗಿ ಕೂತ. ಕುದುರೆಗಳ ಮುಂದೆ ಲಗಾಮು ಹಿಡಿದು ನಿಂತದ್ದು ಸಲೋಮಿ.

ಈ ಮಾತನ್ನು ಅವರು ಕುಲುಮೆಯಲ್ಲಿ, ಸಾಣೆಕಲ್ಲಿನ ಮುಂದೆ ಕೂತು ಹೇಳಿದರು. ಕಲ್ಲು ತಿರುಗಿಸುವುದನ್ನು ನಿಲ್ಲಿಸಲಿಲ್ಲ.

"ಎರಡೂ ಕೈಲಿ ಹಿಡ್ಕೊಂಡಿದ್ದೆ. ಎಡಗಡೆ ಕುದುರೆ ಕಿವಿ ಹತ್ರ ಒಂದು ನೊಣ ಬಂತು, ಆ ದೊಡ್ಡ ಹಸಿರು ನೊಣ. ಪಾಪ ಪ್ರಾಣಿ ಒದ್ದಾಡ್ತಿದೆ ಅಂತ ಒಂದು ಕೈ ಬಿಟ್ಟು ಹೊಡೆಯೋಕೆ ಹೋದೆ. ಅಷ್ಟೇ ಕಣಪ್ಪ. ಅದು ಒಂದು ಹೆಜ್ಜೆ ಮುಂದಕ್ಕಿಡ್ತು. ಮೊಣಕೈ ಹತ್ರ ಹೋಯ್ತು. ಡಾಕ್ಟರು ಬರೋ ಹೊತ್ತಿಗೆ ಮೈಯಲ್ಲಿ ರಕ್ತಾನೇ ಇರ್ಲಿಲ್ಲ. ಸಾಯೋವಾಗ ನನ್ನ ಮುಖ ನೋಡಿ, ಕುದುರೆದೇನೂ ತಪ್ಪಿಲ್ಲ ಅಂದ. ಕುದುರೆದು ತಪ್ಪಿಲ್ಲ ಅಂದ್ರೆ ಯಾರ್ದು ಅಂತ ನಾನೇ ಅರ್ಥ ಮಾಡ್ಕೊಬೇಕಿತ್ತು."

ನಾನು ಏನೋ ಸಮಾಧಾನ ಹೇಳಲು ಹೋದೆ. "ನೀನು ಬರ್ಕೊ, ಸಮಾಧಾನ ಆಮೇಲೆ ಮಾಡೀಯಂತೆ," ಎಂದರು.

ಆಮೇಲಿನ ಎರಡು ಚಳಿಗಾಲ ಕುಲುಮೆಯ ಬಾಗಿಲು ಹಾಕಿಕೊಂಡು ಮಾಡಿದ್ದೇ ಈ ಹಲಗೆ. ಕೆಲಸ ಸರಳ. ಓಡಿಸುವವನು ಕೂರುವ ಹಲಗೆಯನ್ನು ಹಿಂದಿನ ತುದಿಗೆ ತಿರುಗಣೆ ಹಾಕಿ ಕೂರಿಸಿದ್ದಾರೆ, ಮುಂದಿನ ತುದಿಗೆ ಅಡಿಯಿಂದ ಕಮಾನು ಪಟ್ಟಿಯ ಒತ್ತು. ಮನುಷ್ಯ ಕೂತರೆ ಹಲಗೆ ಎರಡು ಬೆರಳು ಇಳಿಯುತ್ತದೆ, ಸರಳು ಚಿಕ್ಕ ಹಲ್ಲುಚಕ್ರವನ್ನು ದೊಡ್ಡದಕ್ಕೆ ಕೂಡಿಸುತ್ತದೆ, ಕತ್ತಿ ಓಡುತ್ತದೆ. ಅವನು ಎದ್ದರೆ ಕಮಾನು ಹಲಗೆಯನ್ನು ಮೇಲೆತ್ತುತ್ತದೆ, ಚಕ್ರ ಸರಿದು ನಿಲ್ಲುತ್ತದೆ. ಆಮೇಲೆ ಕುದುರೆ ಊರೆಲ್ಲ ಸುತ್ತಿದರೂ ಕತ್ತಿ ಅಲುಗುವುದಿಲ್ಲ. ಇಳಿಯುವವನು ಏನನ್ನೂ ನೆನಪಿಟ್ಟುಕೊಳ್ಳಬೇಕಿಲ್ಲ. ಇಳಿದರಾಯಿತು.

ಒಬ್ಬೊಬ್ಬರ ತೂಕ ಒಂದೊಂದು. ಆದ್ದರಿಂದ ಒಬ್ಬೊಬ್ಬರಿಗೆ ಒಂದೊಂದು ಬಿಗಿ. ಗಿರಣಿಯ ತಕ್ಕಡಿಯಲ್ಲಿ ಎಲ್ಲರನ್ನೂ ನಿಲ್ಲಿಸಿ ತೂಗಿ, ಅದಕ್ಕೆ ತಕ್ಕಂತೆ ಕಮಾನು ಹೂಡುತ್ತಾರೆ. ಮೂವತ್ತೊಂದು ಗಂಡಸರ ತೂಕ ಚಿಕ್ಕಮ್ಮನ ನಾಲಿಗೆ ತುದಿಯಲ್ಲಿದೆ. ಯೋನಸ್ ನೂರ ತೊಂಬತ್ತು ಪೌಂಡು, ಅವನು ಊರಿಗೆ ಹೇಳುವುದು ನೂರ ಎಪ್ಪತ್ತು. ಪಟ್ಟಣದ ಕಾರ್ಖಾನೆಯೊಂದರಿಂದ ಒಬ್ಬ ಎಂಜಿನಿಯರ್ ಬಂದು ಹಲಗೆ ನೋಡಿದ್ದ. ಸಾವಿರ ಯಂತ್ರ ಮಾಡುವವರು ಸಾವಿರ ಜನರನ್ನು ತೂಗುತ್ತ ಕೂರಲಾಗುತ್ತದೆಯೇ ಎಂದು ನಕ್ಕು, ಕಾಫಿ ಕುಡಿದು ಹೋದ.

ಇನ್ನು ಇವರ ದಿನ. ನಾಲ್ಕಕ್ಕೆ ಏಳುತ್ತಾರೆ. ರೈ ಬ್ರೆಡ್ಡಿಗೆ ಸೇಬು ಬೇಯಿಸಿದ ಗೊಜ್ಜು ಸವರಿ ನಿಂತುಕೊಂಡೇ ತಿನ್ನುತ್ತಾರೆ. ಕೊಯ್ಲಿನ ಕಾಲಕ್ಕೆ ದಿನಕ್ಕೆ ಐದು ಕತ್ತಿ ಬರುತ್ತವೆ. ಒಂದೊಂದಕ್ಕೆ ಹದಿನೆಂಟು ಹಲ್ಲು, ಹಲ್ಲಿಗೆ ಎರಡು ಅಂಚು. ಅಂದರೆ ದಿನಕ್ಕೆ ನೂರ ಎಂಬತ್ತು ಅಂಚು ಸಾಣೆ. ಮುರಿದ ಹಲ್ಲು ತೆಗೆದು ಹೊಸದನ್ನು ಎರಡೆರಡು ರಿವೆಟ್ ಹೊಡೆದು ಕೂರಿಸುವುದು ಬೇರೆ. ಬಲಗೈ ಹೆಬ್ಬೆರಳು ಈಗ ಪೂರ್ತಿ ಮಡಚುವುದಿಲ್ಲ. ಕೈಗೂಡಿಸಲು ಮಕ್ಕಳಿಲ್ಲ. ನೋವಾದರೆ ಹಂದಿಕೊಬ್ಬು ಹಚ್ಚಿ ಬಟ್ಟೆ ಸುತ್ತುತ್ತಾರೆ, ಮತ್ತೆ ಕೂರುತ್ತಾರೆ.

ಹಲಗೆಯಲ್ಲಿ ಒಂದು ಕೊರತೆ ಇತ್ತು. ನೆಲ ಉಬ್ಬುತಗ್ಗಿದ್ದರೆ ಕೂತವನು ಕುಕ್ಕಿ ಮೇಲೆದ್ದಾಗ ಕತ್ತಿ ಒಂದು ಕ್ಷಣ ನಿಲ್ಲುತ್ತದೆ. ಅಲ್ಲಿ ಒಂದು ಹಿಡಿ ಕ್ಲೋವರ್ ಕೊಯ್ಯದೆ ಉಳಿಯುತ್ತದೆ. ನಮ್ಮ ಕಣಿವೆಯ ಗಂಡಸರಿಗೆ ಹೆಂಡತಿ ಬೈದರೆ ನೋವಿಲ್ಲ, ಹೊಲದಲ್ಲಿ ಜುಟ್ಟು ಉಳಿದರೆ ಮಾತ್ರ ಮಾನ ಹೋಗುತ್ತದೆ. ಭಾನುವಾರ ಪ್ರಾರ್ಥನೆ ಮುಗಿದು ಕುದುರೆ ಕೊಟ್ಟಿಗೆಯ ಹತ್ತಿರ ಸೇರಿದರೆ ಮುಗಿಯಿತು. "ಏನಯ್ಯಾ, ಹೊಲಕ್ಕೆ ಕ್ಷೌರ ಮಾಡ್ದೋನು ಕುಡಿದಿದ್ನಾ?" ಮೆರೆಯುವುದು ಪಾಪವೆಂದು ಒಳಗೆ ಒಂದು ಗಂಟೆ ಕೇಳಿ ಬಂದವರ ಮಾತಿದು. ಈ ಮಾತಿಗೆ ಹೆದರಿ ಗಂಡಸರು ಒಂದು ಉಪಾಯ ಕಂಡುಕೊಂಡರು. ಬೇಲಿಯಿಂದ ಒಂದು ಚಪ್ಪಟೆ ಕಲ್ಲು ತಂದು ತಮ್ಮ ಪಕ್ಕದಲ್ಲಿ ಹಲಗೆಯ ಮೇಲಿಡುವುದು. ಒಮ್ಮೆ ಇಳಿದ ಹಲಗೆ ತುದಿಯ ಮೇಲಿನ ಕಲ್ಲಿನ ಭಾರಕ್ಕೆ ಮತ್ತೆ ಏಳುವುದೇ ಇಲ್ಲ, ಜುಟ್ಟು ಉಳಿಯುವುದೇ ಇಲ್ಲ. ಇಳಿಯುವಾಗ ಕಲ್ಲನ್ನು ಪಕ್ಕಕ್ಕೆ ತಳ್ಳಿ ಇಳಿಯಬೇಕು, ಅಷ್ಟೇ. ಚಿಕ್ಕಮ್ಮ ಕಂಡಕಂಡಲ್ಲಿ ಕಲ್ಲನ್ನು ಎತ್ತಿ ಕೆರೆಗೆ ಹಾಕಿದರು, ಬೈದರು, ಒಬ್ಬನ ಮೇಲೆ ಸ್ಪ್ಯಾನರನ್ನೂ ಎಸೆದರು. ಬೇಲಿಯಲ್ಲಿ ಕಲ್ಲಿಗೇನು ಬರವೇ?

ಹತ್ತೊಂಬತ್ತು ದಿನದ ಹಿಂದೆ ಏನೊಸ್ ಏಬಿ ಚಳಿಜ್ವರದಲ್ಲಿ ಮಲಗಿದ್ದ. ಕ್ಲೋವರ್ ತಲೆ ಉದುರಲು ಶುರುವಾಗಿತ್ತು. ಅವನ ಹೆಂಡತಿ ಫ್ರಾನಿ, ಮೂವತ್ತೆರಡು ವರ್ಷದವಳು, ತಾನೇ ಕುದುರೆ ಹೂಡಿ ಹೊಲಕ್ಕಿಳಿದಳು. ಹಲಗೆ ಏನೊಸ್‌ನ ತೂಕಕ್ಕೆ ಹೂಡಿದ್ದು, ನೂರ ಅರವತ್ತೈದು ಪೌಂಡು. ಫ್ರಾನಿ ನೂರ ನಾಲ್ಕು. ಅವಳು ಕೂತರೆ ಹಲಗೆ ಇಳಿಯಲೇ ಇಲ್ಲ, ಕತ್ತಿ ಓಡಲೇ ಇಲ್ಲ. ಗಂಡಸರು ಏನು ಮಾಡುತ್ತಾರೆಂದು ಅವಳು ನೋಡಿದ್ದಳು. ಒಂದು ಕಲ್ಲು ತಂದಿಟ್ಟಳು. ಎರಡನೆಯ ಸುತ್ತಿನಲ್ಲಿ ಹಲ್ಲು ಸಿಕ್ಕಿಕೊಂಡಿತು. ಇಳಿದಳು. ಇಳಿದರೆ ಕತ್ತಿ ನಿಲ್ಲುತ್ತದೆ ಎಂಬುದು ಒಂಬತ್ತು ವರ್ಷದಿಂದ ಕಣ್ಣಾರೆ ಕಂಡದ್ದು. ಕಲ್ಲು ಹಲಗೆಯ ಮೇಲೇ ಇತ್ತು. ಕುದುರೆ ಒಂದು ಹೆಜ್ಜೆ ಇಟ್ಟಿತು. ಎಡಗೈ ಮಣಿಕಟ್ಟಿನಿಂದ ಹೋಯಿತು.

ಆ ವಾರದ ಭಾನುವಾರ ಕುದುರೆ ಕೊಟ್ಟಿಗೆಯಲ್ಲಿ ಜುಟ್ಟಿನ ಮಾತಿರಲಿಲ್ಲ. ಹೆಂಗಸು ಮಾಡಿದ ಯಂತ್ರಕ್ಕೆ ಹೆಂಗಸೇ ಬಲಿಯಾದಳು ಎಂದು ಯಾರೋ ಅಂದರು. ಯಾರೆಂದು ನನಗೆ ಗೊತ್ತು, ಅವನಿಗೂ ಗೊತ್ತು. ಚಿಕ್ಕಮ್ಮ ಅಲ್ಲೇ ಇದ್ದರು. ಆಮೇಲೆ ಒಂದು ವಾರ ಕುಲುಮೆ ಹೊಗೆಯಾಡಲಿಲ್ಲ. ಒಂಬತ್ತನೆಯ ದಿನಕ್ಕೆ ಸ್ಪ್ಯಾನರ್ ಹಿಡಿದು ಹೊರಟರು.

"ಮೊದ್ಲು ಜನಕ್ಕೆ ಕತ್ತಿ ಕಂಡ್ರೆ ಹೆದರಿಕೆ ಇತ್ತು. ನಾನು ಆ ಹೆದರಿಕೆ ಕಿತ್ಕೊಂಡೆ. ಹೆದರಿಕೆ ಇದ್ದಿದ್ರೆ ಆ ಫ್ರಾನಿ ಮಗು ಕೈ ಹಾಕ್ತಿರ್ಲಿಲ್ಲ. ಇದು ಇರೋದೇ ಬೇಡ," ಎನ್ನುತ್ತಾರೆ ಈಗ, ಯೋನಸ್‌ನ ಹೊಲದಲ್ಲಿ, ಲಂಗದ ಮಣ್ಣು ಕೊಡವುತ್ತ.

ಯೋನಸ್ ಕುದುರೆ ಹೂಡಿದ್ದಾನೆ. ಹಳೆಯ ಗಟ್ಟಿ ಹಲಗೆ ಮತ್ತೆ ಬಂದಿದೆ, ಅವನಿಗೆ ಖುಷಿ. "ಹೋಗ್ಲಿ ಬಿಡು ಚಿಕ್ಕಮ್ಮ, ಇನ್ಮೇಲೆ ಜುಟ್ಟಿನ ಕಾಟ ಇಲ್ಲ," ಎಂದು ಲಗಾಮು ಜಗ್ಗುತ್ತಾನೆ. ಕತ್ತಿ ಚರಚರನೆ ಓಡುತ್ತದೆ, ಮೇವು ಹಿಂದಿನ ಅಟ್ಟಣೆಗೆ ಬಿದ್ದು ಗುಪ್ಪೆ ಗುಪ್ಪೆಯಾಗಿ ನೆಲಕ್ಕಿಳಿಯುತ್ತದೆ. ಎಂಬತ್ತು ಹೆಜ್ಜೆ ಹೋಗಿರಬೇಕು, ಸದ್ದು ಕಟ್ಟುತ್ತದೆ. ಹಲ್ಲು ಸಿಕ್ಕಿಕೊಂಡಿದೆ. ಯೋನಸ್ ಜಿಗಿದು ಇಳಿಯುತ್ತಾನೆ, ಹಾಡು ಗುನುಗುತ್ತ ಮುಂದಕ್ಕೆ ಬರುತ್ತಾನೆ, ಮಂಡಿಯೂರುತ್ತಾನೆ, ಎರಡೂ ಕೈಯನ್ನು ಕತ್ತಿಯ ನಡುವೆ ಹಾಕುತ್ತಾನೆ.

"ಯೋನಸ್!"

ಅರವತ್ತೊಂದರ ಹೆಂಗಸು ಹಾಗೆ ಓಡಿದ್ದನ್ನು ನಾನು ಕಂಡಿಲ್ಲ. ಎರಡೂ ಕುದುರೆಯ ಕಡಿವಾಣ ಹಿಡಿದು, ಎದೆಯಿಂದ ಅವುಗಳ ಮುಖವನ್ನು ಹಿಂದಕ್ಕೆ ಒತ್ತಿ ನಿಂತಿದ್ದಾರೆ. ಕುದುರೆ ಬೆದರಿ ಹಿಂದೆ ಸರಿಯುತ್ತದೆ, ಗಾಲಿ ಹಿಂದಕ್ಕೆ ಉರುಳುತ್ತದೆ, ಹಿಂದಕ್ಕುರುಳಿದ ಗಾಲಿ ಹಲ್ಲುಚಕ್ರ ತಿರುಗಿಸುವುದಿಲ್ಲ, ಕತ್ತಿ ಸುಮ್ಮನಿದೆ. ಯೋನಸ್ ಕೈ ಎಳೆದುಕೊಂಡು ನಗಲು ನೋಡುತ್ತಾನೆ. ನಗು ಬರುವುದಿಲ್ಲ. ಹುಲ್ಲಿನ ಮೇಲೆ ಕೂತು ಎರಡೂ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾನೆ.

"ಮರ್ತೇಹೋಯ್ತು ಚಿಕ್ಕಮ್ಮ. ಇಳಿದೆನಲ್ಲ, ನಿಂತಿರುತ್ತೆ ಅಂತ..."

"ಹೂಂ," ಎನ್ನುತ್ತಾರೆ ಚಿಕ್ಕಮ್ಮ. "ಈಗ ಹೆದರಿಕೆ ಬಂತಲ್ಲ. ಇರ್ಲಿ, ಇಟ್ಕೊ." ಬಿಚ್ಚಿದ ಹಲಗೆಯನ್ನು ಕೈಗಾಡಿಗೆ ಹಾಕಿಕೊಂಡು ದಾರಿ ಹಿಡಿಯುತ್ತಾರೆ. ಇಷ್ಟು ಕಂಡೂ ಕೊನೆಯದನ್ನು ಬಿಚ್ಚಲು ಹೊರಟ ಅವರ ಮೇಲೆ ನನಗೆ ಸಿಟ್ಟು ಬರುತ್ತಿದೆ. ಒಂದು ಮೈಲಿ ಅವರ ಬೆನ್ನ ಹಿಂದೆಯೇ ನಡೆಯುತ್ತೇನೆ.

ಏಬಿಯವರ ಮನೆಯ ಜಗಲಿಯಲ್ಲಿ ಫ್ರಾನಿ ಸೇಬು ಹೆಚ್ಚುತ್ತಿದ್ದಾಳೆ. ಏನೊಸ್ ಒಂದು ಮಣೆಗೆ ಅಡಿಯಿಂದ ಮೊಳೆ ಹೊಡೆದುಕೊಟ್ಟಿದ್ದಾನೆ. ಮೊಳೆಗೆ ಸೇಬು ಚುಚ್ಚಿ ನಿಲ್ಲಿಸಿ, ಬಲಗೈಯಲ್ಲಿ ಸಿಪ್ಪೆ ತೆಗೆಯುತ್ತಾಳೆ. ಎಡಗೈಯ ತುದಿಗೆ ಬಿಳಿ ಬಟ್ಟೆ. ಸೇಬು ಜಾರಿ ಉರುಳುತ್ತದೆ, ಎತ್ತಿ ಮತ್ತೆ ಚುಚ್ಚುತ್ತಾಳೆ. ಜ್ವರದಿಂದ ಎದ್ದ ಏನೊಸ್ ಬಾಗಿಲಲ್ಲಿ ಕಂಬಳಿ ಹೊದ್ದು ಕೂತಿದ್ದಾನೆ. ನಮ್ಮನ್ನು ಕಂಡು ತಲೆ ತಗ್ಗಿಸುತ್ತಾನೆ.

"ಸ್ಪ್ಯಾನರ್ ಹಿಡ್ಕೊಂಡು ಯಾತಕ್ಕೆ ಬಂದೆ ಚಿಕ್ಕಮ್ಮ?" ಎನ್ನುತ್ತಾಳೆ ಫ್ರಾನಿ.

"ಬಿಚ್ಚೋಕೆ ಕಣಮ್ಮ. ಇದೊಂದೇ ಉಳಿದಿರೋದು."

"ಯಾರನ್ನ ಕೇಳಿ?"

ಚಿಕ್ಕಮ್ಮ ಜಗಲಿಯ ಮೆಟ್ಟಿಲ ಮೇಲೆ ಕೂರುತ್ತಾರೆ. "ಯಾರನ್ನ ಕೇಳ್ಲಿ? ನಿನ್ನ ಈ ಸ್ಥಿತಿಗೆ ತಂದಿದ್ದು ನಾನೇ. ಹಲಗೆ ಇಲ್ದೇ ಇದ್ದಿದ್ರೆ ನೀನು ಹೆದರಿ ಕುದುರೆ ಬಿಚ್ಚಿರ್ತಿದ್ದೆ."

"ಯೋಸ್ಟ್ ಚಿಕ್ಕಪ್ಪ ಬಿಚ್ಚಿದ್ರಾ?"

ಏನೊಸ್ "ಫ್ರಾನೀ..." ಎಂದು ತಡೆಯಲು ನೋಡುತ್ತಾನೆ. ಅವಳು ಕೇಳುವುದಿಲ್ಲ.

"ಆವಾಗ ಹಲಗೆ ಎಲ್ಲಿತ್ತು? ಹೆದರಿಕೆ ಬೇಕಾದಷ್ಟಿತ್ತಲ್ಲ. ಉಳಿದ್ರಾ ಅವರು?"

ಬರೆಯಲು ಹೋದವನು ಬಾಯಿ ಬಿಡಬಾರದು. ನಾನು ಬಿಟ್ಟೆ. ಯೋನಸ್‌ನ ಹೊಲದಲ್ಲಿ ಒಂದು ಗಂಟೆಯ ಹಿಂದೆ ಆದದ್ದನ್ನು ಹೇಳಿಬಿಟ್ಟೆ. ಚಿಕ್ಕಮ್ಮ ನನ್ನನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕು.

ಫ್ರಾನಿ ಚಾಕು ಕೆಳಗಿಡುತ್ತಾಳೆ. "ಉಳಿದ ಇಪ್ಪತ್ತೊಂಬತ್ತು ಹೊಲಕ್ಕೆ ಯಾರು ಓಡ್ತಾರೆ ಚಿಕ್ಕಮ್ಮ? ನೀನೊಬ್ಳೇ ಓಡ್ತೀಯಾ?"

"ನಾನು ಹಾಕಿದ್ದು, ನಾನು ತೆಗೆದೆ..."

"ಕಲ್ಲಿಟ್ಟಿದ್ದು ನಾನು. ಅದು ನನ್ನ ತಪ್ಪು, ನಂಗೇ ಇರ್ಲಿ, ನೀನು ಕಿತ್ಕೊಬೇಡ. ನಿನ್ನ ತಪ್ಪು ಬೇರೆ ಇದೆ. ಹೇಳ್ಲಾ?" ಅವಳ ದನಿ ಏರುತ್ತದೆ. "ಕಲ್ಲು ಯಾಕೆ ಬೇಕಾಯ್ತು ನಂಗೆ? ಜುಟ್ಟು ಉಳೀದೆ ಇರ್ಲಿ ಅಂತಲ್ಲ. ಹಲಗೆ ನನ್ನನ್ನ ಲೆಕ್ಕಕ್ಕೇ ತಗೊಳ್ಲಿಲ್ಲ. ಮೂವತ್ತೊಂದು ಗಂಡಸರನ್ನ ತಕ್ಕಡೀಲಿ ನಿಲ್ಸಿದೆ. ಒಬ್ಬ ಹೆಂಗಸನ್ನ ನಿಲ್ಸಿದ್ಯಾ? ನೀನೇ ಹೆಂಗಸಾಗಿ?"

"ಹೆಂಗಸರು ಓಡ್ಸಲ್ವಲ್ಲೇ..."

"ಓಡ್ಸಲ್ವಾ? ಇವರು ಮಲಗಿದಾಗ ಯಾರು ಓಡಿಸ್ತಾರೆ, ಪಾದ್ರಿಗಳಾ?"

ಏನೊಸ್ ಕಂಬಳಿಯೊಳಗೆ ಇನ್ನಷ್ಟು ಕುಗ್ಗುತ್ತಾನೆ. ಚಿಕ್ಕಮ್ಮ ತಮ್ಮ ಮಡಚದ ಹೆಬ್ಬೆರಳನ್ನು ನೀವುತ್ತ ಕೂರುತ್ತಾರೆ. ಅಳುತ್ತಿದ್ದಾರೆ. ಒರಟು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, ಎದ್ದು ಕೊಟ್ಟಿಗೆಯತ್ತ ನಡೆಯುತ್ತಾರೆ. ಬಿಚ್ಚುವುದಕ್ಕೆ ಎಂದೇ ನಾವು ತಿಳಿಯುತ್ತೇವೆ. ಫ್ರಾನಿ ಹಿಂದೆಯೇ ಓಡುತ್ತಾಳೆ.

ಚಿಕ್ಕಮ್ಮ ಯಂತ್ರದ ಅಡಿಗೆ ಇಳಿದಿಲ್ಲ. ಹಲಗೆಯ ಮುಂದೆ ನಿಂತು ಅಂಗೈಯಿಂದ ಅದರ ಮಟ್ಟ ಸವರುತ್ತಿದ್ದಾರೆ. "ಕಲ್ಲು ಕೂರುತ್ತೆ, ಯಾಕೆ? ಮಟ್ಟಸವಾಗಿದೆ. ಕುದುರೆ ಬೆನ್ನಿನ ಹಾಗೆ ಉಬ್ಬಿಸಿ ಕೆತ್ತಿದ್ರೆ ಮನುಷ್ಯ ಕೂರ್ತಾನೆ, ಕಲ್ಲು ಜಾರುತ್ತೆ," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಆಮೇಲೆ ಕಮಾನಿನ ಬುಡ ತೋರಿಸಿ, "ಇಲ್ಲಿ ಒಂದು ತೂತಿದೆ, ಅದು ಏನೊಸ್‌ದು. ಅದರ ಪಕ್ಕದಲ್ಲಿ ಇನ್ನೊಂದು ಕೊರೀತೀನಿ. ಗೂಟ ಆ ತೂತಿಗೆ ಹಾಕಿದ್ರೆ ಬಿಗಿ ಸಡಿಲ ಆಗುತ್ತೆ. ಅದು ನಿಂದು. ಎಷ್ಟಿದ್ದೀಯೇ ಈಗ?"

"ನೂರ ನಾಲ್ಕಿದ್ದೆ," ಎನ್ನುತ್ತಾಳೆ ಫ್ರಾನಿ. ಬಟ್ಟೆ ಸುತ್ತಿದ ಕೈಯನ್ನು ಎತ್ತಿ ನೋಡಿಕೊಳ್ಳುತ್ತಾಳೆ. "ನೂರ ಮೂರು ಅನ್ಕೊ."

"ಹಗ್ಗದಿಂದ ಬಿಗೀತಾರೆ ಚಿಕ್ಕಮ್ಮ," ಎಂದೆ ನಾನು. "ಕಲ್ಲು ಜಾರಿದ್ರೆ ಹಗ್ಗ. ನಮ್ಮವರು ಬಿಡ್ತಾರಾ?"

"ಬಿಗೀಲಿ. ಕಲ್ಲಿಡೋಕೆ ಒಂದು ಕ್ಷಣ ಸಾಕು, ಹಗ್ಗ ಬಿಗಿಯೋಕೆ ಹೊತ್ತು ಬೇಕು. ಆ ಹೊತ್ತಲ್ಲಿ ಒಬ್ಬನಿಗಾದ್ರೂ ಇವಳ ಕೈ ನೆನಪಾದ್ರೆ ಸಾಕು."

ನಾಳೆ ಬೆಳಕು ಹರಿಯುವ ಮುಂಚೆ ಯೋನಸ್‌ನ ಹೊಲದಿಂದ ಮತ್ತೆ ಶುರು. ಮೂವತ್ತು ಹಲಗೆ ಕೆತ್ತಬೇಕು, ಮೂವತ್ತು ಮನೆಯ ಹೆಂಗಸರನ್ನು ಗಿರಣಿಯ ತಕ್ಕಡಿಗೆ ಹತ್ತಿಸಬೇಕು. ಅವರು ತೂಕ ಹೇಳಲು ಒಪ್ಪುತ್ತಾರೋ ಇಲ್ಲವೋ, ಅದು ಬೇರೆ ಯುದ್ಧ. ಈ ಸಲದ ಕ್ಲೋವರ್ ಮುಗಿಯಲು ಇನ್ನು ಹತ್ತು ಬೆಳಗು ಇದೆ. ಅಷ್ಟರಲ್ಲಿ ಎಲ್ಲ ಮುಗಿಯುವುದಿಲ್ಲ ಎಂದು ಅವರಿಗೂ ಗೊತ್ತು. ಹಲಗೆ ಇಲ್ಲದ ಯಂತ್ರಗಳು ನಾಳೆಯೂ ಹೊಲಕ್ಕಿಳಿಯುತ್ತವೆ. ಈ ಪುಟ ಓದುತ್ತಿರುವ ಕಾಲ್ಬಾಕ್ ಕಣಿವೆಯ ಮಹನೀಯರೇ, ಕುದುರೆ ಬಿಚ್ಚಿ. ಬೀಜ ಉದುರಿದರೆ ಉದುರಲಿ.

ಮತ್ತೆ ಜಗಲಿಗೆ ಬಂದಿದ್ದೇವೆ. ಏನೊಸ್ ಕಾಫಿ ತಂದಿಟ್ಟಿದ್ದಾನೆ. ಹೊರಡುವ ಮುಂಚೆ, ಇಂಥ ಬರಹಗಳಲ್ಲಿ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನು ಚಿಕ್ಕಮ್ಮನಿಗೂ ಕೇಳುತ್ತೇನೆ. ನಿಮಗೆ ಏನು ಆಸೆ? ಹಿತ್ತಾಳೆಯ ಫಲಕದಲ್ಲಿ ಹೆಸರು ಬೇಡವೇ?

"ಹೆಸರು ತಗೊಂಡು ಏನ್ ಮಾಡ್ಲಪ್ಪ." ಕಾಫಿಯನ್ನು ಊದಿ ಒಂದು ಗುಟುಕು ಕುಡಿಯುತ್ತಾರೆ. "ನನ್ನ ಹೆಣದ ಪೆಟ್ಟಿಗೆ ಹೊರೋಕೆ ಈ ಕಣಿವೆಯಿಂದ ನಾಲ್ಕು ಜನ ಬರ್ತಾರಲ್ಲ, ಆ ನಾಲ್ವರಿಗೂ ಸೇರಿ ಎಂಟು ಕೈ ಇರ್ಬೇಕು. ಅಷ್ಟಿದ್ರೆ ಸಾಕು."

"ಏಳು ಅಂತ ಬರ್ಕೊಳ್ಳಿ," ಎನ್ನುತ್ತಾಳೆ ಫ್ರಾನಿ, ಕಣ್ಣೆತ್ತದೆ. "ಒಂದು ಮೂಲೆ ನಾನೇ ಹಿಡಿಯೋದು."